ಮೋರಿಸ್ ವಿಲಿಯಂ ಟ್ರಾವರ್ಸ್ (1872–1961): ಅನಿಲಗಳ ಒತ್ತಡದ ಲೆಕ್ಕ ಹಾಗೂ ವಿರಳಾನಿಲಗಳ ಶೋಧ

ಪೀಠಿಕೆ

ವಯನಾಡಿನ ಬೆಟ್ಟಗಳಲ್ಲಿ ಹುಟ್ಟುವ ಕಪಿಲಾ ನದಿಯು ಹೆಗ್ಗಡದೇವನಕೋಟೆಯ ಸೀಮೆಯನ್ನು ಹಾದು, ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದ ಬಳಿ ಹರಿದು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಕೂಡಿದ ನೀರು ತಲಕಾಡನ್ನು ಬಳಸಿಕೊಂಡು ಮುಂದೆ ಶಿವನಸಮುದ್ರದಲ್ಲಿ ಧುಮುಕುತ್ತದೆ. 1902ರಲ್ಲಿ ಅಲ್ಲಿನ ಜಲವಿದ್ಯುದಾಗಾರದಿಂದ ಕೋಲಾರದ ಚಿನ್ನದ ಗಣಿಗಳಿಗೂ, 1905ರಲ್ಲಿ ಬೆಂಗಳೂರು ನಗರಕ್ಕೂ ವಿದ್ಯುತ್ತು ಹರಿಯಿತು. ಸಂಗಮದ ನೀರಿನಿಂದ ಉತ್ಪಾದನೆಯಾದ ಈ ವಿದ್ಯುತ್ತಿನ ನಗರದಲ್ಲಿಯೇ ಕೆಲವು ವರ್ಷಗಳ ನಂತರ ಭಾರತೀಯ ವಿಜ್ಞಾನ ಸಂಸ್ಥೆಯು ತಲೆಯೆತ್ತಿತು. ನಾಡಿನ ಜನರು ಇಂದಿಗೂ ಟಾಟಾ ಇನ್ಸ್ಟಿಟ್ಯೂಟ್ ಎಂದೇ ಕರೆಯುವ ಈ ಸಂಸ್ಥೆಯ ಪ್ರಥಮ ನಿರ್ದೇಶಕರಾಗಿದ್ದವರು ಆಂಗ್ಲ ರಸಾಯನವಿಜ್ಞಾನಿ ಮೋರಿಸ್ ವಿಲಿಯಂ ಟ್ರಾವರ್ಸ್.

ಸಂಸ್ಥೆಯ ಚರಿತ್ರೆಯಲ್ಲಿ ಟ್ರಾವರ್ಸ್ ಅವರ ಹೆಸರು ಬಂದಾಗಲೆಲ್ಲ ಅವರು ಆಡಳಿತದಲ್ಲಿ ಎದುರಿಸಿದ ಭಿನ್ನಾಭಿಪ್ರಾಯಗಳೇ ಮುಂದೆ ಬರುತ್ತವೆ. ಆದರೆ ಅವರ ನಿಜವಾದ ಸಾಧನೆ ಇದ್ದುದು ಬೇರೆ ಕಡೆ. ಒಂದಕ್ಕೊಂದು ಜೋಡಿಸಿದ ಪಾತ್ರೆಗಳಲ್ಲಿ ಅನಿಲವು ಹರಡಿಕೊಂಡಾಗ ಅದರ ಒತ್ತಡವೆಷ್ಟಾಗುತ್ತದೆ ಎಂಬ ಲೆಕ್ಕವನ್ನು ನಮ್ಮ ಪಿ.ಯು.ಸಿ. ವಿದ್ಯಾರ್ಥಿಗಳು ಪರೀಕ್ಷೆಗಾಗಿ ಬಿಡಿಸುತ್ತಾರೆ. ಅದೇ ಲೆಕ್ಕವನ್ನು ಕೈಕಸುಬಿನಂತೆ ಪ್ರತಿನಿತ್ಯ ಬಳಸಿ, ಮೂರು ಹೊಸ ಮೂಲವಸ್ತುಗಳ ಶೋಧದಲ್ಲಿ ಪಾಲುದಾರರಾದವರು ಟ್ರಾವರ್ಸ್. ಈ ಲೇಖನದಲ್ಲಿ ಅವರ ಜೀವನವನ್ನು ಆ ದೃಷ್ಟಿಯಿಂದ ಪರಿಚಯಿಸಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಟ್ರಾವರ್ಸ್ ಅವರು 1872ರ ಜನವರಿ 24ರಂದು ಲಂಡನ್ನಿನ ಕೆನ್ಸಿಂಗ್ಟನ್ ಎಂಬಲ್ಲಿ ಜನಿಸಿದರು. ತಂದೆ ವಿಲಿಯಂ ಟ್ರಾವರ್ಸ್ ವೈದ್ಯರು. ಬ್ಲಂಡೆಲ್ಸ್ ಶಾಲೆಯಲ್ಲಿ ಓದಿ, ನಂತರ ಲಂಡನ್ನಿನ ಯೂನಿವರ್ಸಿಟಿ ಕಾಲೇಜನ್ನು ಸೇರಿ 1893ರಲ್ಲಿ ಪದವಿ ಪಡೆದರು. ಸ್ವಲ್ಪಕಾಲ ಫ್ರಾನ್ಸಿನ ನ್ಯಾನ್ಸಿ ನಗರದಲ್ಲಿ ಸಾವಯವ ರಸಾಯನವಿಜ್ಞಾನವನ್ನು ಅಭ್ಯಾಸ ಮಾಡಿದ್ದುಂಟು. ಆದರೆ ಅವರ ಭವಿಷ್ಯವನ್ನು ನಿರ್ಧರಿಸಿದ್ದು ಯೂನಿವರ್ಸಿಟಿ ಕಾಲೇಜಿಗೆ ಮರಳಿ ಪ್ರೊಫೆಸರ್ ವಿಲಿಯಂ ರಾಮ್ಸೇ ಅವರ ಪ್ರಯೋಗಶಾಲೆಯಲ್ಲಿ ಸಹಾಯಕರಾಗಿ ನಿಂತ ಸಂದರ್ಭ.

ಆ ದಿನಗಳು ರಸಾಯನವಿಜ್ಞಾನದಲ್ಲಿ ಅಪೂರ್ವವಾದವು. 1894ರಲ್ಲಿ ಲಾರ್ಡ್ ರ್‍ಯಾಲೀ ಮತ್ತು ರಾಮ್ಸೇ ಅವರು ವಾಯುವಿನಲ್ಲಿ ಆರ್ಗಾನ್ ಎಂಬ ಅನಿಲವಿರುವುದನ್ನು ತೋರಿಸಿಕೊಟ್ಟಿದ್ದರು. ಅದುವರೆಗೆ ಸೂರ್ಯನ ಬೆಳಕಿನಲ್ಲಿ ಮಾತ್ರ ಗುರುತಿಸಲ್ಪಟ್ಟಿದ್ದ ಹೀಲಿಯಂ ಅನ್ನು 1895ರಲ್ಲಿ ರಾಮ್ಸೇ ಒಂದು ಖನಿಜದಿಂದ ಹೊರತೆಗೆದರು. ಈ ಎರಡು ಅನಿಲಗಳ ನಡುವೆ ಹಾಗೂ ಮುಂದೆ ಇನ್ನೂ ಕೆಲವು ಅನಿಲಗಳಿರಬೇಕೆಂದು ಮೂಲವಸ್ತುಗಳ ಆವರ್ತ ಕೋಷ್ಟಕವು ಸೂಚಿಸುತ್ತಿತ್ತು. ಅವುಗಳನ್ನು ಹುಡುಕುತ್ತ ಟ್ರಾವರ್ಸ್ ಹಲವು ಖನಿಜಗಳನ್ನೂ ಉಲ್ಕಾಶಿಲೆಗಳನ್ನೂ ಕಾಯಿಸಿ ಹೊರಬಂದ ಅನಿಲವನ್ನು ಪರೀಕ್ಷಿಸಿದರು. ಹೊಸದೇನೂ ಸಿಗಲಿಲ್ಲ. ಆದರೆ ಸಿಕ್ಕ ಅತ್ಯಲ್ಪ ಅನಿಲವನ್ನು ಒಂದು ಗುಳ್ಳೆಯೂ ವ್ಯರ್ಥವಾಗದಂತೆ ಒಂದು ಪಾತ್ರೆಯಿಂದ ಮತ್ತೊಂದಕ್ಕೆ ಸಾಗಿಸಿ, ಅಳೆದು, ತೂಗುವ ಕೈಚಳಕ ಅವರಿಗೆ ಸಿದ್ಧಿಸಿತು. ಗಾಜನ್ನು ಊದಿ ಬೇಕಾದ ಉಪಕರಣಗಳನ್ನು ಸ್ವತಃ ತಯಾರಿಸಿಕೊಳ್ಳುವುದರಲ್ಲಿಯೂ ಅವರು ನಿಪುಣರಾಗಿದ್ದರು.

ಜೋಡಿ ಪಾತ್ರೆಗಳ ಲೆಕ್ಕ

ಟ್ರಾವರ್ಸ್ ಅವರ ಕೆಲಸವನ್ನು ಅರಿಯಲು ಮೊದಲು ಲೆಕ್ಕವನ್ನು ಅರಿಯುವುದು ಅವಶ್ಯ. 1662ರಲ್ಲಿ ರಾಬರ್ಟ್ ಬಾಯ್ಲ್ ಅವರು ಪ್ರಕಟಿಸಿದ ನಿಯಮದಂತೆ, ಉಷ್ಣತೆ ಬದಲಾಗದಿದ್ದಲ್ಲಿ ಒಂದು ನಿರ್ದಿಷ್ಟ ಪ್ರಮಾಣದ ಅನಿಲದ ಒತ್ತಡ ಮತ್ತು ಗಾತ್ರಗಳ ಗುಣಲಬ್ಧವು ಒಂದೇ ಆಗಿರುತ್ತದೆ. ಬೆರೆತ ಅನಿಲಗಳಲ್ಲಿ ಪ್ರತಿಯೊಂದೂ ತಾನೊಂದೇ ಆ ಪಾತ್ರೆಯಲ್ಲಿದ್ದರೆ ಎಷ್ಟು ಒತ್ತಡವನ್ನು ಬೀರುತ್ತಿತ್ತೋ ಅಷ್ಟನ್ನೇ ಬೀರುತ್ತದೆ ಎಂಬುದನ್ನು 1801ರಲ್ಲಿ ಜಾನ್ ಡಾಲ್ಟನ್ ನಿರೂಪಿಸಿದರು. ಇದನ್ನು ಆಂಶಿಕ ಒತ್ತಡ ಎನ್ನುತ್ತಾರೆ. ಒಟ್ಟು ಒತ್ತಡವು ಎಲ್ಲ ಆಂಶಿಕ ಒತ್ತಡಗಳ ಮೊತ್ತ.

ಒಂದು ಉದಾಹರಣೆಯನ್ನು ನೋಡಬಹುದು. 3 ಲೀಟರ್ ಗಾತ್ರದ ಒಂದು ಬುರುಡೆಯಲ್ಲಿ 2 ವಾಯುಭಾರ ಒತ್ತಡದ ಸಾರಜನಕವೂ, 2 ಲೀಟರ್ ಗಾತ್ರದ ಇನ್ನೊಂದು ಬುರುಡೆಯಲ್ಲಿ 4 ವಾಯುಭಾರ ಒತ್ತಡದ ಆಮ್ಲಜನಕವೂ ಇವೆ ಎಂದುಕೊಳ್ಳೋಣ. ನಡುವಿನ ಸ್ಟಾಪ್‌ಕಾಕನ್ನು ತೆರೆದರೆ ಎರಡು ಅನಿಲಗಳೂ 5 ಲೀಟರಿನ ಪೂರ್ಣ ಜಾಗಕ್ಕೆ ಹರಡುತ್ತವೆ. ಸಾರಜನಕದ ಆಂಶಿಕ ಒತ್ತಡ 3 × 2 ÷ 5, ಅಂದರೆ 1.2 ವಾಯುಭಾರ. ಆಮ್ಲಜನಕದ್ದು 2 × 4 ÷ 5, ಅಂದರೆ 1.6 ವಾಯುಭಾರ. ಒಟ್ಟು ಒತ್ತಡ 2.8 ವಾಯುಭಾರ. 2 ಮತ್ತು 4ರ ಸರಾಸರಿಯನ್ನು ತೆಗೆದು 3 ಎಂದು ಬರೆಯುವುದು ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ತಪ್ಪು. ಪಾತ್ರೆಗಳ ಗಾತ್ರ ಸಮನಾಗಿದ್ದಾಗ ಮಾತ್ರ ಸರಾಸರಿಯು ಸರಿಯುತ್ತರವನ್ನು ಕೊಡುತ್ತದೆ.

ಈ ಲೆಕ್ಕದ ತಿರುಳು ಇಷ್ಟೇ: ಪಾತ್ರೆಗಳನ್ನು ಜೋಡಿಸಿದಾಗ ಒತ್ತಡ ಬದಲಾಗುತ್ತದೆ, ಅನಿಲದ ಪ್ರಮಾಣ ಬದಲಾಗುವುದಿಲ್ಲ. 2021ರ ಕೋವಿಡ್ ಎರಡನೆಯ ಅಲೆಯ ಸಮಯದಲ್ಲಿ ಆಸ್ಪತ್ರೆಗಳ ಆಮ್ಲಜನಕ ಕೊಠಡಿಗಳಲ್ಲಿ ಈ ಮಾತು ಜೀವನ್ಮರಣದ ಪ್ರಶ್ನೆಯಾಗಿ ಎದುರಾಯಿತು. ಜಂಬೋ ಸಿಲಿಂಡರ್ ಎಂದು ಕರೆಯಲ್ಪಡುವ ದೊಡ್ಡ ಸಿಲಿಂಡರಿನ ಒಳಗಾತ್ರ ಸುಮಾರು 47 ಲೀಟರ್. ಒಂದರ ಮಾಪಕವು 150 ಬಾರ್ ಎಂದೂ, ಇನ್ನೊಂದರದು 50 ಬಾರ್ ಎಂದೂ ತೋರಿಸುತ್ತಿದ್ದರೆ, ಎರಡರಲ್ಲಿಯೂ ಸೇರಿ ಬಳಕೆಗೆ ದೊರೆಯುವುದು ಸುಮಾರು 9,400 ಲೀಟರ್ ಆಮ್ಲಜನಕ. ನಿಮಿಷಕ್ಕೆ 10 ಲೀಟರಿನಂತೆ ಬೇಕಾಗುವ ಒಬ್ಬ ರೋಗಿಗೆ ಇದು ಹದಿನೈದೂವರೆ ಗಂಟೆಗಳ ಕಾಲ ಸಾಕಾಗಬಹುದು. ಸಿಲಿಂಡರುಗಳನ್ನು ಹೇಗೆ ಜೋಡಿಸಿದರೂ ಈ ಅವಧಿ ಹೆಚ್ಚುವುದಿಲ್ಲ. ತುಂಬಿದ ಸಿಲಿಂಡರಿನಿಂದ ಖಾಲಿಯಾದುದಕ್ಕೆ ಅನಿಲವು ಹಿಮ್ಮುಖವಾಗಿ ಹರಿಯದಂತೆ ಆಸ್ಪತ್ರೆಯ ಕೊಳವೆ ವ್ಯವಸ್ಥೆಯಲ್ಲಿ ಏಕಮುಖ ಕವಾಟಗಳನ್ನು ಅಳವಡಿಸಿರುತ್ತಾರೆ. ತರಬೇತಿಯಿಲ್ಲದವರು ಒಂದು ಸಿಲಿಂಡರಿನಿಂದ ಇನ್ನೊಂದಕ್ಕೆ ಅನಿಲವನ್ನು ತುಂಬುವುದು ಅತ್ಯಂತ ಅಪಾಯಕರ ಎಂಬುದನ್ನು ಇಲ್ಲಿ ತಿಳಿಸಬೇಕಾಗಿದೆ.

ಟ್ರಾವರ್ಸ್ ಅವರ ಮೇಜಿನ ಮೇಲೆ ಇದೇ ನಿಯಮವು ಟೋಪ್ಲರ್ ಪಂಪಿನ ರೂಪದಲ್ಲಿ ಕೆಲಸ ಮಾಡುತ್ತಿತ್ತು. ಇದು ಪಾದರಸವನ್ನು ಏರಿಸಿ ಇಳಿಸಿ ನಡೆಸುವ ಗಾಜಿನ ಪಂಪು. ಪಾದರಸ ಇಳಿದಾಗ ಪಂಪಿನ ಖಾಲಿ ಬುರುಡೆಯು ಅನಿಲವಿರುವ ಪಾತ್ರೆಯೊಂದಿಗೆ ಕೂಡಿಕೊಳ್ಳುತ್ತದೆ. ಅನಿಲ ಎರಡಕ್ಕೂ ಹರಡುತ್ತದೆ. ಪಾದರಸ ಏರಿದಾಗ ಪಂಪಿನೊಳಗಿದ್ದ ಪಾಲು ಬೇರೆಯಾಗಿ ಸಂಗ್ರಹದ ಕೊಳವೆಗೆ ತಳ್ಳಲ್ಪಡುತ್ತದೆ. ಪಾತ್ರೆ 100 ಮಿಲಿಲೀಟರ್, ಪಂಪಿನ ಬುರುಡೆ 400 ಮಿಲಿಲೀಟರ್ ಇದ್ದರೆ ಪ್ರತಿ ಬಾರಿಯೂ ಪಾತ್ರೆಯಲ್ಲಿ ಐದನೆಯ ಒಂದು ಪಾಲು ಉಳಿಯುತ್ತದೆ. ಐದು ಬಾರಿ ಹೀಗೆ ಮಾಡಿದರೆ ಉಳಿಯುವುದು 3,125ರಲ್ಲಿ ಒಂದು ಪಾಲು. 760 ಮಿಲಿಮೀಟರ್ ಇದ್ದ ಒತ್ತಡ ಕಾಲು ಮಿಲಿಮೀಟರಿಗೆ ಇಳಿದಿರುತ್ತದೆ. ಸಾಧಾರಣ ಪಂಪು ಅನಿಲವನ್ನು ಹೊರಗೆ ಚೆಲ್ಲುತ್ತದೆ. ಈ ಪಂಪಿನಲ್ಲಿ ಹೊರಬಂದುದೆಲ್ಲ ಕೈಸೇರುತ್ತದೆ. ಹುಡುಕುತ್ತಿರುವ ವಸ್ತು ಚಿಟಿಕೆಯಷ್ಟಿದ್ದಾಗ ಈ ವ್ಯತ್ಯಾಸವೇ ಎಲ್ಲವೂ ಆಗುತ್ತದೆ.

1898ರ ಬೇಸಿಗೆ

ವಾಯುವಿನಲ್ಲಿ ಆರ್ಗಾನಿನ ಪಾಲು ನೂರಕ್ಕೆ 0.93. ನಿಯಾನ್ ಹತ್ತು ಲಕ್ಷಕ್ಕೆ ಹದಿನೆಂಟು ಪಾಲು, ಕ್ರಿಪ್ಟಾನ್ ಹತ್ತು ಲಕ್ಷಕ್ಕೆ ಒಂದು ಪಾಲಿಗಿಂತ ತುಸು ಹೆಚ್ಚು. ಝೆನಾನ್ ಅದರ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿರುವ ನಂಜನಗೂಡಿನಲ್ಲಿ ವಾಯುವಿನ ಒತ್ತಡ ಸುಮಾರು 700 ಮಿಲಿಮೀಟರ್ ಪಾದರಸದಷ್ಟು. ಅದರಲ್ಲಿ ಆರ್ಗಾನಿನ ಆಂಶಿಕ ಒತ್ತಡ ಆರೂವರೆ ಮಿಲಿಮೀಟರ್. ಕ್ರಿಪ್ಟಾನಿನದು ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲನ್ನೂ ಮುಟ್ಟುವುದಿಲ್ಲ. ಇಷ್ಟು ಅಲ್ಪವಾದುದನ್ನು ಬೇರ್ಪಡಿಸಲು ದ್ರವ ವಾಯುವು ದೊರೆತ ಮೇಲೆಯೇ ದಾರಿಯಾಯಿತು. ವಿಲಿಯಂ ಹ್ಯಾಂಪ್ಸನ್ ಎಂಬವರು ವಾಯುವನ್ನು ದ್ರವೀಕರಿಸುವ ಯಂತ್ರವನ್ನು ರೂಪಿಸಿದ್ದು, 1898ರ ಮೇ ತಿಂಗಳಿನಲ್ಲಿ ರಾಮ್ಸೇ ಅವರಿಗೆ ಸ್ವಲ್ಪ ದ್ರವ ವಾಯುವನ್ನು ಒದಗಿಸಿದರು.

ರಾಮ್ಸೇ ಮತ್ತು ಟ್ರಾವರ್ಸ್ ಆ ದ್ರವವನ್ನು ನಿಧಾನವಾಗಿ ಕುದಿದು ಆವಿಯಾಗಲು ಬಿಟ್ಟು, ಕೊನೆಯಲ್ಲಿ ಉಳಿದ ಅಲ್ಪಾಂಶವನ್ನು ಇರಿಸಿಕೊಂಡರು. ಅದರಿಂದ ಆಮ್ಲಜನಕ ಮತ್ತು ಸಾರಜನಕಗಳನ್ನು ರಾಸಾಯನಿಕವಾಗಿ ತೆಗೆದ ಮೇಲೆ ದೊರೆತ ಅನಿಲ ಸುಮಾರು 26 ಘನ ಸೆಂಟಿಮೀಟರ್ ಮಾತ್ರ. ರೋಹಿತದರ್ಶಕದಲ್ಲಿ ಅದುವರೆಗೆ ಯಾರೂ ಕಾಣದ ಒಂದು ಹಳದಿ ಗೆರೆಯೂ ಒಂದು ಹಸಿರು ಗೆರೆಯೂ ಹೊಳೆದವು. ಹೊಸ ಗೆರೆಗಳು ಹೊಸ ಮೂಲವಸ್ತುವಿನ ಸುಳಿವು. ಆದರೆ ಅದರ ಸಾಂದ್ರತೆಯನ್ನು ತೂಗಿ ತಿಳಿಯದ ಹೊರತು ಆವರ್ತ ಕೋಷ್ಟಕದಲ್ಲಿ ಅದಕ್ಕೆ ಸ್ಥಾನವಿಲ್ಲ. ಅನಿಲವನ್ನು ತೂಗುವುದೆಂದರೆ ಗಾತ್ರ ತಿಳಿದಿರುವ ಸಣ್ಣ ಬುರುಡೆಯನ್ನು ನಿರ್ವಾತಗೊಳಿಸಿ ತೂಗಿ, ಅದನ್ನು ಅನಿಲದ ಪಾತ್ರೆಗೆ ಜೋಡಿಸಿ ತುಂಬಿ, ಒಳಗಿನ ಒತ್ತಡವನ್ನೂ ಉಷ್ಣತೆಯನ್ನೂ ಗುರುತು ಹಾಕಿಕೊಂಡು ಮತ್ತೆ ತೂಗುವುದು. ತೂಕದಲ್ಲಿ ಕಾಣುವ ವ್ಯತ್ಯಾಸ ಅತ್ಯಲ್ಪ. ಒತ್ತಡದ ಲೆಕ್ಕ ಸ್ವಲ್ಪ ತಪ್ಪಿದರೂ ಹೊಸ ಮೂಲವಸ್ತು ಎಂಬುದು ಬರಿಯ ಆರ್ಗಾನ್ ಆಗಿ ಕಾಣಬಹುದಿತ್ತು.

ಟ್ರಾವರ್ಸ್ ಅವರು ರಾತ್ರಿ ಬಹಳ ಹೊತ್ತಿನವರೆಗೆ ಈ ತೂಕದ ಕೆಲಸದಲ್ಲಿಯೇ ಮುಳುಗಿದ್ದರು. ಮರುದಿನವೇ ಡಿ.ಎಸ್ಸಿ. ಪದವಿಗಾಗಿ ತಾವು ಪರೀಕ್ಷೆಗೆ ಹಾಜರಾಗಬೇಕೆಂಬುದೂ ಅವರಿಗೆ ಮರೆತಂತಾಗಿತ್ತಂತೆ. ಜಲಜನಕಕ್ಕೆ ಹೋಲಿಸಿ ಆ ಅನಿಲದ ಸಾಂದ್ರತೆ ಸುಮಾರು ಇಪ್ಪತ್ತೆರಡೂವರೆ ಎಂದು ಬಂತು. ಆರ್ಗಾನಿನದು ಇಪ್ಪತ್ತು. ಇಂದಿನ ತಿಳಿವಳಿಕೆಯಂತೆ ಶುದ್ಧ ಕ್ರಿಪ್ಟಾನಿನದು ಸುಮಾರು ನಲವತ್ತೆರಡು. ಆದುದರಿಂದ ಅಂದು ಅವರ ಕೈಯಲ್ಲಿದ್ದುದು ಬಹುತೇಕ ಆರ್ಗಾನೇ ಆಗಿದ್ದು, ಕ್ರಿಪ್ಟಾನ್ ನೂರಕ್ಕೆ ಹನ್ನೊಂದರಷ್ಟು ಮಾತ್ರ ಬೆರೆತಿತ್ತು ಎಂದು ನಾವು ಲೆಕ್ಕ ಹಾಕಬಹುದು. ಮೂರು ಘನ ಸೆಂಟಿಮೀಟರಿನಷ್ಟೂ ಇಲ್ಲದ ಹೊಸ ಅನಿಲವೊಂದು ತೂಕದಲ್ಲಿ ತನ್ನನ್ನು ತೋರಿಸಿಕೊಂಡಿತೆಂದರೆ, ಅಳತೆಯ ಸೂಕ್ಷ್ಮತೆ ಎಷ್ಟಿತ್ತೆಂಬುದನ್ನು ಊಹಿಸಬಹುದು.

ಅಡಗಿದುದು ಎಂಬ ಅರ್ಥದ ಗ್ರೀಕ್ ಪದದಿಂದ ಅದಕ್ಕೆ ಕ್ರಿಪ್ಟಾನ್ ಎಂಬ ಹೆಸರನ್ನು ಇಡಲಾಯಿತು. ಜೂನ್ ತಿಂಗಳಿನಲ್ಲಿ ಆರ್ಗಾನಿನ ಹಗುರವಾದ ಭಾಗದಲ್ಲಿ ಕಡುಗೆಂಪಾಗಿ ಉರಿಯುವ ನಿಯಾನ್ ಕಂಡುಬಂತು. ಜುಲೈಯಲ್ಲಿ ಕ್ರಿಪ್ಟಾನಿನ ಶೇಷದಿಂದ ಝೆನಾನ್ ಬೇರ್ಪಟ್ಟಿತು. ಹೀಗೆ ಕೆಲವೇ ವಾರಗಳಲ್ಲಿ ಮೂರು ಮೂಲವಸ್ತುಗಳು ಲೋಕಕ್ಕೆ ತಿಳಿದವು. 1904ರಲ್ಲಿ ರಾಮ್ಸೇ ಅವರಿಗೆ ರಸಾಯನವಿಜ್ಞಾನದ ನೊಬೆಲ್ ಪಾರಿತೋಷಕ ಸಂದಿತು. ಅದೇ ವರ್ಷ ಟ್ರಾವರ್ಸ್ ರಾಯಲ್ ಸೊಸೈಟಿಯ ಸದಸ್ಯರಾದರು. ಗುರುವಿನ ಹೆಸರಿನ ಮುಂದೆ ಶಿಷ್ಯನ ಹೆಸರು ಮಂಕಾದುದು ಸಹಜವಾದರೂ, ಈ ಶೋಧಗಳ ಕೈಕೆಲಸದಲ್ಲಿ ಟ್ರಾವರ್ಸ್ ಅವರ ಪಾಲು ಸಣ್ಣದಲ್ಲ.

ಅತಿ ಶೀತದ ಅಳತೆ

ನಿಯಾನಿನೊಂದಿಗೆ ಬೆರೆತಿದ್ದ ಹೀಲಿಯಂ ಅನ್ನು ಬೇರ್ಪಡಿಸಲು ದ್ರವ ವಾಯುವಿನ ತಂಪು ಸಾಲದಾಯಿತು. ದ್ರವ ಜಲಜನಕ ಬೇಕಾಯಿತು. ಜಲಜನಕವನ್ನು ದ್ರವೀಕರಿಸುವ ಉಪಕರಣವನ್ನು ಟ್ರಾವರ್ಸ್ ಅವರೇ ನಿರ್ಮಿಸಿದರು. ಸುಮಾರು ಮೈನಸ್ 253 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ 20 ಕೆಲ್ವಿನ್‌ನ ಆಸುಪಾಸಿನಲ್ಲಿ ಕುದಿಯುವ ಆ ದ್ರವದ ಉಷ್ಣತೆಯನ್ನು ಅಳೆಯುವುದು ಹೇಗೆ? ಪಾದರಸವು ಆ ಶೀತದಲ್ಲಿ ಕಲ್ಲಾಗಿರುತ್ತದೆ. ಹೀಲಿಯಂ ತುಂಬಿದ ಬುರುಡೆಯ ಒತ್ತಡದಿಂದಲೇ ಉಷ್ಣತೆಯನ್ನು ಕಂಡುಹಿಡಿಯಬೇಕು.

ಇಲ್ಲಿಯೂ ಜೋಡಿ ಪಾತ್ರೆಗಳ ಲೆಕ್ಕವೇ ಎದುರಾಗುತ್ತದೆ, ಆದರೆ ಒಂದು ತೊಡಕಿನೊಂದಿಗೆ. ಬುರುಡೆ ದ್ರವ ಜಲಜನಕದಲ್ಲಿ ಮುಳುಗಿರುತ್ತದೆ. ಅದಕ್ಕೆ ಸೂಕ್ಷ್ಮ ಕೊಳವೆಯಿಂದ ಜೋಡಿಸಿದ ಒತ್ತಡಮಾಪಕದ ಮೇಲಿನ ಸಣ್ಣ ಜಾಗ ಕೋಣೆಯ ಉಷ್ಣತೆಯಲ್ಲಿಯೇ ಇರುತ್ತದೆ. ಒತ್ತಡ ಎರಡೂ ಕಡೆ ಒಂದೇ, ಉಷ್ಣತೆ ಬೇರೆ ಬೇರೆ. ಆಗ ಒತ್ತಡ ಮತ್ತು ಗಾತ್ರಗಳ ಗುಣಲಬ್ಧವನ್ನು ಆಯಾ ಪಾತ್ರೆಯ ಕೆಲ್ವಿನ್ ಉಷ್ಣತೆಯಿಂದ ಭಾಗಿಸಿ ಕೂಡಬೇಕು. ಈ ಮೊತ್ತವೇ ಬದಲಾಗದೆ ಉಳಿಯುವುದು. ಬುರುಡೆ 100 ಮಿಲಿಲೀಟರ್, ಹೊರಗಿನ ಜಾಗ ಒಂದೇ ಮಿಲಿಲೀಟರ್ ಎಂದುಕೊಳ್ಳೋಣ. 300 ಕೆಲ್ವಿನ್ ಉಷ್ಣತೆಯ ಕೋಣೆಯಲ್ಲಿ ತುಂಬಿ ಬುರುಡೆಯನ್ನು 20 ಕೆಲ್ವಿನ್‌ಗೆ ತಂಪುಗೊಳಿಸಿದಾಗ, ಆ ಒಂದು ಮಿಲಿಲೀಟರನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಉತ್ತರ 20.2 ಎಂದು ಬರುತ್ತದೆ. ದಿನಬಳಕೆಯಲ್ಲಿ ಇದೊಂದು ತಪ್ಪೇ ಅಲ್ಲ. ಕುದಿಯುವ ಬಿಂದುವನ್ನು ಡಿಗ್ರಿಯ ನೂರನೆಯ ಒಂದು ಭಾಗದವರೆಗೆ ನಿರ್ಧರಿಸಹೊರಟವರಿಗೆ ಇದು ದೊಡ್ಡ ತಪ್ಪು. ಟ್ರಾವರ್ಸ್ ಅವರು ಸೆಂಟರ್ ಮತ್ತು ಜಾಕ್ರೋ ಎಂಬ ಸಹೋದ್ಯೋಗಿಗಳೊಂದಿಗೆ ಈ ಬಗೆಯ ಅನಿಲ ಉಷ್ಣತಾಮಾಪಕಗಳಿಂದ ಮಾಡಿದ ಅಳತೆಗಳು ಆ ಕಾಲದಲ್ಲಿ ಅತ್ಯುತ್ತಮವೆನಿಸಿದ್ದವು.

1901ರಲ್ಲಿ ಅವರು ಅನಿಲಗಳ ಪ್ರಾಯೋಗಿಕ ಅಧ್ಯಯನವನ್ನು ಕುರಿತು ಒಂದು ಪುಸ್ತಕವನ್ನು ಪ್ರಕಟಿಸಿದರು. 1904ರಲ್ಲಿ ಬ್ರಿಸ್ಟಲ್ ಯೂನಿವರ್ಸಿಟಿ ಕಾಲೇಜಿನಲ್ಲಿ ರಸಾಯನವಿಜ್ಞಾನದ ಪ್ರೊಫೆಸರ್ ಆಗಿ ನೇಮಕಗೊಂಡರು.

ಬೆಂಗಳೂರಿನಲ್ಲಿ

ಭಾರತದಲ್ಲಿ ಉನ್ನತ ಸಂಶೋಧನೆಗಾಗಿ ಒಂದು ಸಂಸ್ಥೆಯನ್ನು ಸ್ಥಾಪಿಸಬೇಕೆಂಬ ಜಮ್ಷೆಟ್‌ಜಿ ಟಾಟಾ ಅವರ ಯೋಜನೆಯನ್ನು ಪರಿಶೀಲಿಸಲು ರಾಮ್ಸೇ 1900ರಲ್ಲಿಯೇ ಭಾರತಕ್ಕೆ ಬಂದು, ಬೆಂಗಳೂರು ತಕ್ಕ ಸ್ಥಳವೆಂದು ಸೂಚಿಸಿದ್ದರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದ ಮೈಸೂರು ಸರ್ಕಾರವು ನೆರವಿಗೆ ಮುಂದಾಗಿತ್ತು. ಶಿವನಸಮುದ್ರದ ವಿದ್ಯುತ್ ಯೋಜನೆಯೂ ಅದೇ ಸಮಯದ್ದು. 1904ರಲ್ಲಿ ಟಾಟಾ ಅವರು ನಿಧನರಾದರೂ ಯೋಜನೆ ನಿಲ್ಲಲಿಲ್ಲ. 1906ರಲ್ಲಿ ಟ್ರಾವರ್ಸ್ ನಿರ್ದೇಶಕರಾಗಿ ಆಯ್ಕೆಯಾಗಿ ಭಾರತಕ್ಕೆ ಬಂದರು.

ಅವರು ಬಂದಾಗ ಸಂಸ್ಥೆಯು ಕಾಗದದ ಮೇಲೆ ಮಾತ್ರ ಇತ್ತು. ಮೈಸೂರಿನ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ಸುಮಾರು 371 ಎಕರೆ ಭೂಮಿಯನ್ನು ದಾನವಾಗಿ ನೀಡಿದರು. 1909ರ ಮೇ 27ರಂದು ಸಂಸ್ಥೆಗೆ ಅಧಿಕೃತ ಮಾನ್ಯತೆಯ ಆದೇಶ ಹೊರಟಿತು. 1911ರ ಫೆಬ್ರವರಿಯಲ್ಲಿ ಮಹಾರಾಜರು ಶಂಕುಸ್ಥಾಪನೆಯನ್ನು ನೆರವೇರಿಸಿದರು. ಅದೇ ವರ್ಷ ಜುಲೈ 24ರಂದು ವಿದ್ಯಾರ್ಥಿಗಳ ಪ್ರಥಮ ತಂಡ ಪ್ರವೇಶ ಪಡೆಯಿತು. ಸಾಮಾನ್ಯ ಮತ್ತು ಅನ್ವಯಿಕ ರಸಾಯನವಿಜ್ಞಾನ, ವಿದ್ಯುತ್ ತಂತ್ರವಿಜ್ಞಾನ ಈ ಎರಡು ವಿಭಾಗಗಳು ಮೊದಲಾದವು. ಸಾವಯವ ರಸಾಯನವಿಜ್ಞಾನ ವಿಭಾಗವು ಕೆಲವೇ ವಾರಗಳಲ್ಲಿ ಸೇರಿಕೊಂಡಿತು. ಇಂದಿಗೂ ಸಂಸ್ಥೆಯ ಗುರುತಾಗಿ ನಿಂತಿರುವ, ಗೋಪುರವುಳ್ಳ ಮುಖ್ಯ ಕಟ್ಟಡವೂ ಅವರ ಅವಧಿಯದೇ.

ಆದರೆ ಟಾಟಾ ಮನೆತನ, ಭಾರತ ಸರ್ಕಾರ, ಮೈಸೂರು ಸಂಸ್ಥಾನ ಈ ಮೂವರ ಹಣದಿಂದ ನಡೆಯುವ ಸಂಸ್ಥೆಯಲ್ಲಿ ನಿರ್ದೇಶಕರ ಅಧಿಕಾರ ಎಲ್ಲಿಯವರೆಗೆ ಎಂಬುದು ಇತ್ಯರ್ಥವಾಗಿರಲಿಲ್ಲ. ಟ್ರಾವರ್ಸ್ ಅವರಿಗೂ ಆಡಳಿತ ಮಂಡಳಿಗೂ, ಅಧ್ಯಾಪಕವರ್ಗಕ್ಕೂ ಭಿನ್ನಾಭಿಪ್ರಾಯಗಳು ಬೆಳೆದವು. 1914ರಲ್ಲಿ ಅವರು ಹುದ್ದೆಯನ್ನು ಬಿಟ್ಟು ಇಂಗ್ಲೆಂಡಿಗೆ ಮರಳಿದರು. ಬಂಜರು ಭೂಮಿಯಲ್ಲಿ ಪ್ರಯೋಗಶಾಲೆಗಳನ್ನು ಎಬ್ಬಿಸಿ, ಪಾಠಕ್ರಮವನ್ನು ರೂಪಿಸಿ ಎಂಟು ವರ್ಷ ದುಡಿದವರನ್ನು ಕೊನೆಯ ಕೆಲವು ತಿಂಗಳುಗಳ ಜಗಳದಿಂದ ಮಾತ್ರ ಅಳೆಯುವುದು ನ್ಯಾಯವೆನಿಸದು. ಈ ಆಡಳಿತದ ಹೊಣೆಯಿಂದಾಗಿ ತಮ್ಮ ಮೂವತ್ತೈದನೆಯ ವಯಸ್ಸಿನ ನಂತರದ ಅತ್ಯುತ್ತಮ ವರ್ಷಗಳನ್ನು ಅವರು ಉಪಕರಣಗಳಿಂದ ದೂರವಿದ್ದು ಕಳೆದರು ಎಂಬುದು ವಿಜ್ಞಾನದ ದೃಷ್ಟಿಯಿಂದ ನಷ್ಟವೇ ಸರಿ.

ನಂತರದ ಜೀವನ

ಊರಿಗೆ ಮರಳುವಷ್ಟರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಗಿತ್ತು. ಪ್ರಯೋಗಶಾಲೆಯ ಗಾಜಿಗಾಗಿ ಬ್ರಿಟನ್ ಅದುವರೆಗೆ ಜರ್ಮನಿಯನ್ನು ನೆಚ್ಚಿಕೊಂಡಿತ್ತು. ಯುದ್ಧದಿಂದ ಪೂರೈಕೆ ನಿಂತುಹೋಯಿತು. ಗಾಜಿನ ಬುರುಡೆಗಳನ್ನು ಕೈಯಾರೆ ಊದುತ್ತಿದ್ದ ಟ್ರಾವರ್ಸ್ ವಿಜ್ಞಾನೋಪಯೋಗಿ ಗಾಜಿನ ತಯಾರಿಕೆಯ ಮೇಲ್ವಿಚಾರಣೆಯನ್ನು ವಹಿಸಿಕೊಂಡರು. ಯುದ್ಧಾನಂತರ ಕುಲುಮೆಗಳು ಮತ್ತು ಇಂಧನ ತಂತ್ರಜ್ಞಾನದಲ್ಲಿ ಕೆಲಸ ಮಾಡಿ, 1927ರಲ್ಲಿ ಗೌರವ ಪ್ರೊಫೆಸರ್ ಆಗಿ ಬ್ರಿಸ್ಟಲ್ಲಿಗೆ ಹಿಂತಿರುಗಿದರು. 1937ರಲ್ಲಿ ನಿವೃತ್ತರಾದರು. ಎರಡನೆಯ ಮಹಾಯುದ್ಧದಲ್ಲಿ ಸ್ಫೋಟಕಗಳ ವಿಭಾಗಕ್ಕೆ ಸಲಹೆಗಾರರಾಗಿದ್ದರು.

ವಿರಳಾನಿಲಗಳ ಶೋಧದ ವೃತ್ತಾಂತವನ್ನು 1928ರಲ್ಲಿಯೂ, ತಮ್ಮ ಗುರುಗಳಾದ ರಾಮ್ಸೇ ಅವರ ಜೀವನಚರಿತ್ರೆಯನ್ನು 1956ರಲ್ಲಿಯೂ ಅವರು ಪುಸ್ತಕರೂಪದಲ್ಲಿ ಹೊರತಂದರು. ಎರಡನೆಯ ಪುಸ್ತಕ ಬಂದಾಗ ಅವರಿಗೆ ಎಂಬತ್ತನಾಲ್ಕು ವರ್ಷ. ರಾಮ್ಸೇ ಅವರು ತೀರಿಕೊಂಡು ಆಗಲೇ ನಲವತ್ತು ವರ್ಷಗಳು ಕಳೆದಿದ್ದವು. ಅವರು ಬೇರ್ಪಡಿಸಿದ ಅನಿಲಗಳು ಅಷ್ಟರಲ್ಲಿ ಪ್ರಯೋಗಶಾಲೆಯನ್ನು ದಾಟಿ ಪೇಟೆಗೆ ಬಂದಿದ್ದವು. ಅಂಗಡಿಗಳ ಕೆಂಪು ದೀಪದ ಫಲಕಗಳಲ್ಲಿ ನಿಯಾನ್ ಬೆಳಗಿತು. ಟ್ಯೂಬ್‌ಲೈಟುಗಳ ಒಳಗೂ ವೆಲ್ಡಿಂಗ್ ಕಾರ್ಯಾಗಾರಗಳ ಸಿಲಿಂಡರುಗಳಲ್ಲೂ ಆರ್ಗಾನ್ ಸೇರಿತು.

ಟ್ರಾವರ್ಸ್ ಅವರು 1961ರ ಆಗಸ್ಟ್ 25ರಂದು ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್ ಪ್ರಾಂತದ ಸ್ಟ್ರೌಡ್ ಎಂಬಲ್ಲಿ, ತಮ್ಮ ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ ನಿಧನರಾದರು.